ಸಂತಿ ಚೀಲದಾಗ ಈ ವಾರ



ನಮ್ಮ ಕಟಕೋಳದ ಕಡೆ ವಾರ ಎಣಿಸುವುದು ಸಂತಿಯಿಂದ ಸಂತಿಗೆ. ಕೈಗಡ ತೀರಿಸುವ ವಾಯಿದೆ ಸಂತಿಯ ದಿನಕ್ಕೆ, ಮಗಳ ಊರಿಗೆ ಹೋಗಿಬರುವ ಮಾತು ಸಂತಿ ಮುಗಿದ ಮೇಲೆ. ಮನೆಯಲ್ಲಿ ಎಣ್ಣೆ ತೀರಿತೆಂದರೆ ‘ಸಂತೀತನಕಾ ಹೆಂಗರ ಮಾಡ್ರಿ’ ಎನ್ನುವುದೇ ಉತ್ತರ. ವ್ಯಾಪಾರಿಗಳ ವಾರವೂ ಹಾಗೆಯೇ. ಕಟಕೋಳ, ರಾಮದುರ್ಗ, ಮುನವಳ್ಳಿ, ಯರಗಟ್ಟಿ, ಮುರಗೋಡ ಎಂದು ಊರೂರಿಗೆ ಹೋಗಿ ಗಂಟು ಬಿಚ್ಚುತ್ತಾರೆ, ಹೊತ್ತು ಮುಳುಗುವ ಮೊದಲು ಮತ್ತೆ ಕಟ್ಟುತ್ತಾರೆ.

ಈಗ ಮೊಬೈಲು ತೆರೆದರೆ ‘ಈ ವಾರ ನೀವು ಕೊಳ್ಳಲೇಬೇಕಾದ ಹತ್ತು ವಸ್ತು’ ಎಂದು ಹೇಳುವವರು ಬಹಳ ಮಂದಿ. ಆರೋಗ್ಯಕ್ಕೊಂದು ಡಬ್ಬಿ, ಅಡುಗೆಮನೆಗೊಂದು ಯಂತ್ರ, ಗೋಡೆಗೊಂದು ಚಿತ್ರ, ರಾತ್ರಿ ನೋಡಲಿಕ್ಕೊಂದು ಧಾರಾವಾಹಿ. ವಸ್ತುಗಳ ಮೇಲೆ ನನ್ನ ತಕರಾರಿಲ್ಲ, ಕೆಲವು ಚೆನ್ನಾಗಿಯೇ ಇರುತ್ತವೆ. ಆದರೆ ಮುಂದಿನ ವಾರ ಅವರೇ ಬೇರೆ ಹತ್ತು ವಸ್ತು ತರುತ್ತಾರೆ. ಹೋದ ವಾರದ ಹತ್ತು ಎಲ್ಲಿ ಹೋದವು, ಕೊಂಡವರು ಏನೆಂದರು, ಆ ಸುದ್ದಿಯೇ ಇಲ್ಲ. ಸಂತಿಯಲ್ಲಿ ಅದು ನಡೆಯುವುದಿಲ್ಲ. ಹುಳುಕು ಬದನೆಕಾಯಿ ತೂಗಿಕೊಟ್ಟವಳು ಮುಂದಿನ ವಾರವೂ ಅದೇ ಜಾಗದಲ್ಲಿ ಕೂರಬೇಕು, ಒಯ್ದವಳು ಅದೇ ದಾರಿಯಲ್ಲಿ ಹಾಯಬೇಕು. ಅವರಿಬ್ಬರ ನಡುವೆ ಲೆಕ್ಕ ಆಗಿಯೇ ಆಗುತ್ತದೆ. ಅಂಥ ಲೆಕ್ಕದಲ್ಲಿ ಪಾಸಾದ ಕೆಲವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ತಿನ್ನುವಂಥದ್ದು, ಹೊದೆಯುವಂಥದ್ದು, ಮೈಗೆ ಹಿತವಾಗುವಂಥದ್ದು, ಕಣ್ಣಿಗೆ ಹಬ್ಬವಾಗುವಂಥದ್ದು.

ಮೊದಲು ತಿನ್ನುವುದು. ಎಳ್ಳಮಾಸಿ ಮುಗಿಯಿತು, ಹೊಲಕ್ಕೆ ಚರಗ ಚೆಲ್ಲಿ ಬಂದದ್ದಾಯಿತು. ಹಿಂಗಾರಿ ಜೋಳ ತೆನೆ ತುಂಬಿ ನಿಂತಿದೆ. ನಮ್ಮದು ಎರಿ ಭೂಮಿ. ಉತ್ತರಿ, ಹಸ್ತ ಮಳೆಯ ಹದಕ್ಕೆ ಬಿತ್ತಿದ ಜೋಳ ಆಮೇಲೆ ಹೆಚ್ಚು ಮಳೆ ಬೇಡುವುದಿಲ್ಲ. ಕರಿಮಣ್ಣು ಹಿಡಿದಿಟ್ಟ ತೇವವನ್ನೇ ಕುಡಿದು, ಚಳಿಗಾಲದ ಇಬ್ಬನಿ ಉಂಡು ಎದೆಯೆತ್ತರ ಬೆಳೆಯುತ್ತದೆ. ಕಾಳಿನೊಳಗೆ ಹಾಲು ತುಂಬಿ, ಇನ್ನೇನು ಗಟ್ಟಿಯಾಗಬೇಕು ಎನ್ನುವಾಗ ಕೆಲವು ದಿನ ಬರುತ್ತವಲ್ಲ, ಅದು ಸೀತನಿಯ, ಅಂದರೆ ಸುಟ್ಟು ತಿನ್ನುವ ಎಳೆ ಜೋಳದ ಕಾಲ. ಒಂದು ಹೊಲದಲ್ಲಿ ಹೆಚ್ಚೆಂದರೆ ಒಂದೆರಡು ವಾರ. ಕಾಳಿಗೆ ಉಗುರು ಒತ್ತಿದಾಗ ಹಾಲು ಚಿಮ್ಮಿದರೆ ಇನ್ನೂ ಎಳೆಯದು, ಉಗುರು ಇಳಿಯದಿದ್ದರೆ ಬಲಿತದ್ದು. ಮೆತ್ತಗೆ ಹಿಟ್ಟಾಗಿ ಉಗುರಿಗೆ ಅಂಟಿದರೆ ಹದ.

ಸುಡುವುದರಲ್ಲೂ ಹದವಿದೆ. ಕುಳ್ಳು ಉರಿಸಿ, ಉರಿ ಪೂರಾ ಇಳಿದ ಮೇಲೆ ಕೆಂಡವನ್ನು ಬೂದಿಯೊಡನೆ ಕೆದರಿ ಅದರೊಳಗೆ ತೆನೆ ಹುಗಿಯಬೇಕು. ಉರಿ ತಾಗಿದರೆ ಹೊರಗೆ ಕರಿಕು, ಒಳಗೆ ಹಸಿ. ಬೆಂದ ತೆನೆಯನ್ನು ಗೋಣಿತಾಟಿನ ಮೇಲಿಟ್ಟು, ಬಿಸಿ ಇದ್ದಾಗಲೇ ಅಂಗೈಯಿಂದ ತಿಕ್ಕಬೇಕು. ಮೊದಲ ತೆನೆಗೆ ಅಂಗೈ ಚುರ್ ಎನ್ನುತ್ತದೆ, ಎರಡನೆಯದಕ್ಕೆ ರೂಢಿಯಾಗುತ್ತದೆ. ಹಸಿರು ಕಾಳು ಉದುರಿದ ಮೇಲೆ ಮೊರದಲ್ಲಿ ಹಾಕಿ ಹೊಟ್ಟು ಹಾರಿಸಿದರೆ ಕೆಲಸ ಮುಗಿಯಿತು. ಜೊತೆಗೆ ಶೇಂಗಾ ಹಿಂಡಿ, ಒಂದು ಹೆಂಟೆ ಬೆಲ್ಲ, ಕೆನೆಮೊಸರು. ಸಂತಿಯಲ್ಲಿ ಈಗ ಬಿಡಿಸಿದ ಕಾಳನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುತ್ತಾರೆ. ನನ್ನ ಮಾತು ಕೇಳುವುದಾದರೆ ಅದನ್ನು ಬಿಟ್ಟು ತೆನೆಯನ್ನೇ ಒಯ್ಯಿರಿ. ಚೀಲದೊಳಗೆ ಕಾಳು ಬೆವೆತು ಸಂಜೆಯ ಹೊತ್ತಿಗೆ ಹುಳಿ ವಾಸನೆ ಹಿಡಿಯುತ್ತದೆ. ಪಟ್ಟಣದ ಮನೆಯವರು ಗ್ಯಾಸಿನ ಉರಿಯ ಮೇಲೆ ಜಾಳಿಗೆ ಇಟ್ಟು ಸಣ್ಣಗೆ ಸುಡಬಹುದು. ಕುಳ್ಳಿನ ವಾಸನೆ ಬರುವುದಿಲ್ಲ, ಆದರೆ ರುಚಿಗೆ ದೊಡ್ಡ ಮೋಸವಿಲ್ಲ.

ಸೀತನಿ ಬಂದು ಹೋಗುವ ನೆಂಟ. ವರ್ಷವಿಡೀ ಮನೆ ನಡೆಸುವುದು ಹಿಟ್ಟು. ಅಡುಗೆಮನೆಗೆ ಈ ವಾರದ ನನ್ನ ಸಲಹೆ ಯಾವ ಯಂತ್ರವೂ ಅಲ್ಲ: ಜೋಳವನ್ನು ವಾರಕ್ಕೆ ಬೇಕಾದಷ್ಟೇ ಬೀಸಿಸಿರಿ. ಕಾರಣ ಹೇಳುತ್ತೇನೆ. ಗೋಧಿ ಹಿಟ್ಟಿಗೆ ತನ್ನದೇ ಅಂಟಿದೆ, ಕಣಕ ಎಳೆದರೂ ಹರಿಯುವುದಿಲ್ಲ. ಜೋಳಕ್ಕೆ ಆ ಗುಣ ಇಲ್ಲ. ಕುದಿಯುವ ಎಸರು ಹೊಯ್ದು ನಾದಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಕೊಡುತ್ತದೆ. ಆ ಜಿಗಿಯ ಬಲದ ಮೇಲೆ ಅಷ್ಟಗಲ ರೊಟ್ಟಿ ಬಡಿಯಲು ಬರುತ್ತದೆ. ಹಿಟ್ಟು ಹಳತಾದಷ್ಟೂ ಜಿಗಿ ಕಡಿಮೆ, ಮೇಲೆ ಸಣ್ಣ ಕಹಿ ಬೇರೆ. ರೊಟ್ಟಿಯ ಅಂಚು ಒಡೆಯುತ್ತಿದ್ದರೆ ಬಡಿಯುವ ಕೈಯನ್ನು ಬಯ್ಯಬೇಡಿ, ಹಿಟ್ಟು ಬೀಸಿದ ತಾರೀಖು ಕೇಳಿರಿ. ಗಿರಣಿಯಲ್ಲಿಯೂ ಒಂದು ನಿಗಾ ಇರಲಿ. ಮೆಣಸಿನಕಾಯಿ ಕುಟ್ಟುವ ಯಂತ್ರ ಹಲವು ಕಡೆ ಬೇರೆಯೇ ಇರುತ್ತದೆ, ಆದರೆ ಗೋಧಿ, ಕಡಲೆಬೇಳೆ ಬೀಸಿದ ಬೆನ್ನಿಗೇ ನಿಮ್ಮ ಜೋಳ ಸುರಿದರೆ ಮೊದಲ ಸೇರು ಹಿಂದಿನವರದೇ ಹಿಟ್ಟು. ಹಿಂದಿನ ಪಾಳಿ ಜೋಳದ್ದೇ ಇರುವಾಗ ಬುಟ್ಟಿ ಇಡುವುದು ಜಾಣತನ. ನಮ್ಮ ಹಿರಿಯ ಹೆಣ್ಣುಮಕ್ಕಳು ಗಿರಣಿಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದದ್ದು ಬರೀ ಹರಟೆಗಲ್ಲ.

ಜೋಳದ ರೊಟ್ಟಿಯನ್ನೇ ನಂಬಿ ಬದುಕು ಕಟ್ಟಿಕೊಂಡವರೂ ಇದ್ದಾರೆ. ಖಡಕ್ ರೊಟ್ಟಿಯನ್ನು ಸ್ವಸಹಾಯ ಸಂಘದ ಹೆಂಗಸರು ಕಟ್ಟುಕಟ್ಟಾಗಿ ಮಾರುತ್ತಿದ್ದಾರೆ. ಪುಣೆ, ಬೆಂಗಳೂರಿಗೆ ಹೋಗುವ ಮಕ್ಕಳ ಚೀಲಕ್ಕೆ ಒಂದು ಕಟ್ಟು ರೊಟ್ಟಿ, ಒಂದು ಡಬ್ಬಿ ಗುರೆಳ್ಳು ಹಿಂಡಿ, ಸ್ವಲ್ಪ ಕೆಂಪು ಮೆಣಸಿನಕಾಯಿಯ ರಂಜಕ ಇಟ್ಟರೆ ತಿಂಗಳು ನಿಶ್ಚಿಂತೆ. ಒಂದೇ ಮಾತು: ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಎಲ್ಲ ಕಡೆ ಒಂದೇ ತೆಳುವಾಗಿದ್ದರೆ ಒಯ್ಯಿರಿ. ನಡುವೆ ದಪ್ಪವಿದ್ದರೆ ಅಲ್ಲಿ ತೇವ ಉಳಿದು ಬೂಸ್ಟು ಹಿಡಿಯುತ್ತದೆ.

ಇನ್ನು ಮೈಗೆ ಹಿತವಾಗುವಂಥದ್ದು. ಈ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಆರೋಗ್ಯದ ಬಗ್ಗೆ ಮಾತಾಡುವವರು ಈಗ ಬೇಕಾದಷ್ಟಿದ್ದಾರೆ. ಚಳಿಗೆ ಅಂಟಿನುಂಡಿ ಒಳ್ಳೆಯದು, ಬಾಣಂತಿಗೆ ಇನ್ನೂ ಒಳ್ಳೆಯದು. ಆದರೆ ಬೆಲ್ಲ, ತುಪ್ಪ, ಒಣಕೊಬ್ಬರಿ, ಉತ್ತತ್ತಿ ಎಲ್ಲ ಸೇರಿದ ಉಂಡಿಯನ್ನು ಸಕ್ಕರೆ ಕಾಯಿಲೆಯವರು ‘ಮನೀ ಮದ್ದು’ ಎಂದು ದಿನಕ್ಕೆರಡು ತಿನ್ನುವುದು ಮದ್ದಲ್ಲ. ನನ್ನ ಆಯ್ಕೆ ಅದಕ್ಕಿಂತ ಬಡವರ ತಿನಿಸು: ಹಕ್ಕರಕಿ. ಹಿಂಗಾರಿ ಹೊಲದಲ್ಲಿ ಯಾರೂ ಬಿತ್ತದೆ ಬೆಳೆಯುವ ಸೊಪ್ಪು, ನೆಲಕ್ಕೆ ಅಂಟಿಕೊಂಡು ಹರಡಿದ ಎಲೆ, ಅಂಚಿಗೆ ಸಣ್ಣ ಸಣ್ಣ ಹಲ್ಲು, ನಾಲಿಗೆಗೆ ಮೊದಲು ಸ್ವಲ್ಪ ಕಹಿ. ಇದನ್ನು ಬೇಯಿಸುವ ಗೊಡವೆಯಿಲ್ಲ. ತೊಳೆದು, ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾಪುಡಿ, ಉಪ್ಪು, ಒಂದು ಹನಿ ಹಸಿ ಎಣ್ಣೆ ಹಾಕಿ ಕಲಸಿದರೆ ಬಿಸಿ ರೊಟ್ಟಿಗೆ ಅದರ ಮುಂದೆ ಬೇರೆ ಪಲ್ಯ ಬೇಡ. ನಾರು, ಹಸಿರು, ಹಸಿ ಸೊಪ್ಪಿನ ಸತ್ವ ಎಲ್ಲ ಅದರಲ್ಲೇ ಬಂತು. ಪಟ್ಟಣದಲ್ಲಿ ಇದನ್ನೇ ಗಾಜಿನ ಬಟ್ಟಲಲ್ಲಿ ಹಾಕಿ ಬೇರೆ ಹೆಸರಿಟ್ಟು ಕೊಟ್ಟರೆ ಬೆಲೆಯೇ ಬೇರೆ.

ಆದರೆ ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು. ಸಂತಿಯ ಅಂಚಿಗೆ ಹಳೇ ಧೋತರ ಹಾಸಿ, ಸೂಡು ಜೋಡಿಸಿ ಕೂತ ಅಜ್ಜಿಯೊಬ್ಬಳನ್ನು ಕೇಳಿದೆ.

‘ಯಾವ ಹೊಲದ್ದಬೇ, ಎಣ್ಣಿ ಹೊಡದಿದ್ದೇನು?’

ಅಜ್ಜಿ ನನ್ನ ಮುಖವನ್ನೇ ನೋಡಿ, ‘ಎಣ್ಣಿ ಹೊಡದ ಹೊಲದಾಗ ಹಕ್ಕರಕಿ ಎಲ್ಲಿ ಉಳೀತೈತಿ ತಮ್ಮಾ? ಅದ ಮೊದಲ ಸಾಯೂದು’ ಎಂದಳು.

ಅವಳ ಮಾತು ಮುಕ್ಕಾಲು ಸರಿ. ಕಳೆನಾಶಕ ಬಿದ್ದ ಹೊಲದಲ್ಲಿ ಹಕ್ಕರಕಿ ಒಣಗಿಹೋಗುತ್ತದೆ. ಈಗ ಇದು ಸಂತಿಗೆ ಕಡಿಮೆ ಬರುವುದಕ್ಕೆ ಅದೂ ಒಂದು ಕಾರಣ. ಉಳಿದ ಕಾಲು ಭಾಗದ ಅನುಮಾನ ಏನೆಂದರೆ, ಪಕ್ಕದ ಹೊಲದಲ್ಲಿ ಹುಳಕ್ಕೆ ಹೊಡೆದ ಔಷಧ ಗಾಳಿಗೆ ಹಾರಿ ಬಂದು ಎಲೆಯ ಮೇಲೆ ಕೂತಿರಬಹುದು. ಹಸಿಯಾಗಿ ತಿನ್ನುವ ಸೊಪ್ಪಾದ್ದರಿಂದ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದೇ ತಿನ್ನಿರಿ.

ಮನೆಯ ಸಾಮಾನಿಗೆ ಬರೋಣ. ಶಿವರಾತ್ರಿ ಹತ್ತಿರವಾದರೆ ನೀರು ತುಂಬುವ ಮಣ್ಣಿನ ಹರವಿಗೆ ಬೆಲೆ ಏರುತ್ತದೆ, ಈಗಲೇ ಒಂದು ತೆಗೆದಿಡಿರಿ. ಬೆರಳ ಗೆಣ್ಣಿನಿಂದ ಬಾರಿಸಿದರೆ ಖಣ್ ಎನ್ನಬೇಕು. ಬೊದ್ ಎಂದರೆ ಎಲ್ಲೋ ಸೀಳಿದೆ. ಇಷ್ಟು ಸಾಕು ಹರವಿಯ ಮಾತು.

ಹೆಚ್ಚು ಹೇಳಬೇಕಾದದ್ದು ಕೌದಿಯದು. ಈ ಚಳಿಗೆ ಅಂಗಡಿಗಳಲ್ಲಿ ಬಣ್ಣಬಣ್ಣದ ರಗ್ಗುಗಳು ಬಂದಿವೆ, ಕೈಯಿಟ್ಟರೆ ಬೆಕ್ಕಿನ ಮರಿಯಷ್ಟು ಮೆತ್ತಗಿವೆ. ಒಂದು ರಾತ್ರಿ ಹೊದ್ದು ನೋಡಿರಿ. ಮೊದಲು ಬೆಚ್ಚಗಾಗುತ್ತದೆ, ನಡುರಾತ್ರಿ ಬೆವರು, ಬೆಳಗಿನ ಜಾವ ಅದೇ ಬೆವರಿಗೆ ಚಳಿ. ಪ್ಲಾಸ್ಟಿಕ್ಕಿನ ನೂಲು ಬೆವರು ಹೀರುವುದಿಲ್ಲ. ಕೌದಿಯೊಳಗೆ ಇರುವುದು ಹತ್ತಿಯ ಹಳೇ ಬಟ್ಟೆ, ಪದರದ ಮೇಲೆ ಪದರ, ಪದರಗಳ ನಡುವೆ ಸಿಕ್ಕ ಗಾಳಿ. ಅದು ಬೆವರನ್ನೂ ಕುಡಿಯುತ್ತದೆ, ಶಾಖವನ್ನೂ ಹಿಡಿಯುತ್ತದೆ. ಭಾರ ಹೆಚ್ಚು, ಹೌದು. ಆ ಭಾರಕ್ಕೇ ನಿದ್ದೆ ಬರುತ್ತದೆ ಎನ್ನುವವರ ಸಾಲಿನಲ್ಲಿ ನಾನೂ ಒಬ್ಬ.

ಕೌದಿಗೆ ಹೊಸ ಬಟ್ಟೆ ಒಗ್ಗುವುದಿಲ್ಲ. ಹೊಸದು ಒಗೆತಕ್ಕೆ ಕುಗ್ಗಿ ಸುಕ್ಕು ಬೀಳುತ್ತದೆ, ಸೂಜಿಯೂ ಸಲೀಸಾಗಿ ಇಳಿಯದು. ಹತ್ತಾರು ವರ್ಷ ಒಗೆದು ಮೆತ್ತಗಾದ ಇಲಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಹಳೇ ಅಂಗಿ, ಇವೇ ಬೇಕು. ನಮ್ಮ ರಾಮದುರ್ಗ, ಸುರೇಬಾನ, ಮನಿಹಾಳಗಳು ನೇಕಾರರ ಊರುಗಳು. ಹಳೇ ಸೀರೆಗೆ ನಮ್ಮ ಕಡೆ ಬರವಿಲ್ಲ. ಇಲಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ; ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಒಡಲು ಸವೆದು ಜಾಲರಿಯಾದರೂ ಆ ಕೆಂಪು ಟೋಪಿ ಸೆರಗು, ಗಟ್ಟಿ ದಡಿ ಉಳಿದಿರುತ್ತವೆ. ಕೌದಿ ಹೊಲಿಯುವವಳು ಅದನ್ನು ಒಳಗೆ ತುಂಬಿ ದಂಡ ಮಾಡುವುದಿಲ್ಲ. ಒಡಲನ್ನು ಒಳಪದರಕ್ಕೆ ಹಾಕಿ, ದಡಿ ಕತ್ತರಿಸಿ ಸುತ್ತಲೂ ಅಂಚು ಕಟ್ಟುತ್ತಾಳೆ, ಸೆರಗಿನ ತುಂಡನ್ನು ನಡುವೆ ಕಾಣುವಂತೆ ಕೂರಿಸುತ್ತಾಳೆ. ಆಮೇಲೆ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಾರ ಓಡುತ್ತದೆ. ಕೌದಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಅದನ್ನು ತಿರುವಿ ಹಾಕಿ ನೋಡಬೇಕು. ಮೇಲೆ ಎಷ್ಟು ಸಣ್ಣ ಹೊಲಿಗೆ ಕಾಣುತ್ತದೋ ಹಿಂದೆಯೂ ಅಷ್ಟೇ ಕಾಣಬೇಕು. ಹಿಂದೆ ಉದ್ದುದ್ದ ದಾರ ಜೋತಿದ್ದರೆ ಮಕ್ಕಳ ಕಾಲ್ಬೆರಳು ಸಿಕ್ಕಿ ಒಂದೇ ಚಳಿಗಾಲದಲ್ಲಿ ಕಿತ್ತುಹೋಗುತ್ತದೆ.

ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಣ್ಣುಮಕ್ಕಳು ಇನ್ನೂ ಬರುತ್ತಾರೆ. ಕಟ್ಟೆಯ ಮೇಲೆ ಹಾಸಿಕೊಂಡು ನಾಲ್ಕು ಮೂಲೆಗೆ ನಾಲ್ವರು ಕೂತರೆ ದಿನಗಟ್ಟಲೆ ಕೆಲಸ. ಕೂಲಿ ಕೇಳಿದರೆ ‘ಹಳೇ ಅರಬಿಗೆ ಇಷ್ಟ್ಯಾಕ’ ಎಂದು ಚೌಕಾಸಿ ಮಾಡುವವರನ್ನು ನೋಡಿದ್ದೇನೆ. ಅದೇ ಮಂದಿ ಪಟ್ಟಣದ ಅಂಗಡಿಯಲ್ಲಿ ಯಂತ್ರದಿಂದ ಹೊಲಿದ, ಕೌದಿಯ ಚಿತ್ರ ಅಚ್ಚೊತ್ತಿದ ಚಾದರಕ್ಕೆ ಕೇಳಿದಷ್ಟು ಕೊಟ್ಟು ಬರುತ್ತಾರೆ. ಅರಬಿ ನಿಮ್ಮದು, ಸರಿ. ಬೆರಳು, ಬೆನ್ನು, ಕಣ್ಣು ಅವರದು. ಕೇಳಿದ ಕೂಲಿ ಕೊಟ್ಟುಬಿಡಿ.

ಕೊನೆಯದು ನೋಡುವಂಥದ್ದು. ಮನೆಯಲ್ಲೇ ಕೂತು ನೋಡುವುದಾದರೆ, 1961ರ ‘ಕಿತ್ತೂರು ಚೆನ್ನಮ್ಮ’ ಮತ್ತೊಮ್ಮೆ ನೋಡಿರಿ. ಬಿ. ಆರ್. ಪಂತುಲು ನಿರ್ದೇಶನ, ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. ಸರೋಜಾದೇವಿ 2025ರ ಜುಲೈಯಲ್ಲಿ ನಮ್ಮನ್ನು ಅಗಲಿದರು. ಚಿತ್ರದ ಮಾತು ನಮ್ಮ ಸೀಮೆಯ ಮಾತಲ್ಲ ಎಂದು ನಮ್ಮವರು ಗೊಣಗುತ್ತಾರೆ, ಅದು ನಿಜವೇ. ಆದರೂ ಚೆನ್ನಮ್ಮನ ಆ ಗತ್ತಿಗಾಗಿ ನೋಡಬೇಕು.

ಹೊರಗೆ ಹೊರಡುವುದಾದರೆ ಕಿತ್ತೂರಿಗೆ ಹೋಗಿರಿ. ಅಲ್ಲಿಂದ ಸ್ವಲ್ಪವೇ ದೂರದ ದೇಗಾಂವಿಗೂ ಹೋಗಿ ಬನ್ನಿರಿ. 1824ರ ಅಕ್ಟೋಬರ್ 23ರಂದು ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದ ಕೋಟೆಯನ್ನು ನೋಡಿದವರು ಅಷ್ಟಕ್ಕೇ ಬಸ್ಸು ಹತ್ತುತ್ತಾರೆ. ದೇಗಾಂವಿಯ ಕಮಲನಾರಾಯಣ ಗುಡಿ ಆ ಕಾಳಗಕ್ಕಿಂತ ಆರು ನೂರು ವರ್ಷಕ್ಕೂ ಹಳೆಯದು. ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ್ದು, ಶಿಲ್ಪಿ ತಿಪ್ಪೋಜ. ಒಂದೇ ಸಾಲಿನಲ್ಲಿ ಮೂರು ಗರ್ಭಗುಡಿ, ಮುಂದೆ ಉದ್ದನೆಯ ಮಂಟಪ. ಕಂಬಗಳ ಕುಸುರಿಯನ್ನೂ ಮಾಡಿನ ಕೆತ್ತನೆಯನ್ನೂ ಅವಸರವಿಲ್ಲದೆ ನೋಡಬೇಕು. ಸಂತಿ ಮುಗಿಸಿಕೊಂಡು ಹೋಗುವ ಜಾಗವಲ್ಲ, ಅದಕ್ಕೇ ಒಂದು ದಿನ ತೆಗೆದಿಡಬೇಕು.

ಆದರೆ ಈ ಕಾಲದಲ್ಲಿ ನಮ್ಮ ಸೀಮೆಯಲ್ಲಿ ನೋಡಬೇಕಾದದ್ದು ಆಟ. ಸುಗ್ಗಿಯಿಂದ ಯುಗಾದಿ ದಾಟುವವರೆಗೂ ಜಾತ್ರೆಯ ಮೇಲೆ ಜಾತ್ರೆ. ಗೊಡಚಿ ವೀರಭದ್ರನದು ಆಯಿತು, ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿವೆ ಆಯಿತು, ಭಾರತ ಹುಣ್ಣಿವೆ ಮುಂದಿದೆ, ಆಮೇಲೆ ಊರೂರ ಜಾತ್ರೆಗಳು. ಜಾತ್ರೆಯ ರಾತ್ರಿ ಬಯಲಲ್ಲಿ ಆಡುವ ಎರಡು ಆಟಗಳಿಗೆ ನಮ್ಮ ನೆಲವೇ ತವರು. ಒಂದು ‘ಶ್ರೀಕೃಷ್ಣ ಪಾರಿಜಾತ’. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ತಿದ್ದಿ ತೀಡಿ ಬಯಲಿಗೆ ತಂದ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಮನೆಮಾತಾಗಿಸಿದಳು. ಕುಲಗೋಡ, ಕೌಜಲಗಿ ಎರಡೂ ನಮ್ಮ ಬಡಗಣ ನೆರೆಯ ಗೋಕಾಕ ಸೀಮೆಯ ಊರುಗಳು. ಇನ್ನೊಂದು ‘ಸಂಗ್ಯಾ ಬಾಳ್ಯಾ’, ಬೈಲಹೊಂಗಲದಲ್ಲಿ ನಡೆದ ಘಟನೆಯ ಮೇಲೆ ಪತ್ತಾರ ಮಾಸ್ತರು ಕಟ್ಟಿದ ಸಣ್ಣಾಟ.

ಪಾರಿಜಾತದ ಕಥೆ ಎಲ್ಲರಿಗೂ ಗೊತ್ತು. ನಾರದ ಹೂವು ತಂದ, ಅದು ರುಕ್ಮಿಣಿಯ ಮುಡಿ ಸೇರಿತು, ಸತ್ಯಭಾಮೆ ಮುನಿದಳು. ಗೊತ್ತಿರುವ ಕಥೆಯನ್ನು ಬೆಳಗಾಗುವತನಕ ಯಾಕೆ ನೋಡಬೇಕು? ದೂತಿಗಾಗಿ. ಭಾಗವತನ ಜೊತೆ ಅವಳು ಜಗಳಕ್ಕೆ ನಿಂತಳೆಂದರೆ ಬರೆದ ಪುಸ್ತಕ ಬದಿಗಾಯಿತು. ಆ ಊರಿನ ನೀರಿನ ಟಾಕಿ, ಮುಂದಿನ ಸಾಲಿನಲ್ಲಿ ತೂಕಡಿಸುವ ಗೌಡ, ಸೊಸೈಟಿಯ ಸಾಲ, ಎಲ್ಲವೂ ದ್ವಾರಕೆಯೊಳಗೆ ಬರುತ್ತವೆ. ಅದೇ ದೂತಿ ಮರುಗಳಿಗೆಯಲ್ಲಿ ಸತ್ಯಭಾಮೆಯ ಅಳಲಿಗೆ ದನಿಗೂಡಿಸಿದರೆ ನಗುತ್ತಿದ್ದ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಸಿಗುವ ಇಪ್ಪತ್ತು ನಿಮಿಷದ ತುಣುಕಿನಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಆ ತುಣುಕಿನ ದೂತಿಗೆ ನಿಮ್ಮೂರ ಗೌಡ ಗೊತ್ತಿಲ್ಲ.

‘ಸಂಗ್ಯಾ ಬಾಳ್ಯಾ’ದ ಬಿಸಿ ಬೇರೆ. ಅದರಲ್ಲಿ ದೇವರಿಲ್ಲ, ಪುರಾಣವಿಲ್ಲ. ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಗಂಗಾ, ಅವಳ ಗಂಡ ಈರ್ಯಾ. ಬೇಟ, ಗೆಳೆತನ, ಗೆಳೆಯನೇ ಮಾಡಿದ ದ್ರೋಹ, ಕೊಲೆ. ಇಂಥದ್ದೊಂದು ನಮ್ಮ ಓಣಿಯಲ್ಲೇ ಆದೀತು ಎನ್ನುವ ಅಂಜಿಕೆ ನೋಡುವವರನ್ನು ಹಿಡಿದು ಕೂರಿಸುತ್ತದೆ. ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಪಟ್ಟಣದ ರಂಗಮಂದಿರಗಳಿಗೂ ಹೋಯಿತು. ಅಲ್ಲಿ ಚೆನ್ನಾಗಿಯೇ ಆಡಿದರು. ಆದರೂ ನನ್ನ ತೀರ್ಪು ಬಯಲಿನ ಕಡೆಗೇ. ಬಾಳ್ಯಾನ ಮೋಸ ಬಯಲಾದಾಗ ನೆರೆದ ಮಂದಿಯೊಳಗಿಂದ ಯಾವನೋ ಒಬ್ಬ ಎದ್ದು ನಿಂತು ಬೈಯುತ್ತಾನೆ. ರಂಗಮಂದಿರದಲ್ಲಿ ಹಾಗೆ ಬೈದರೆ ಹೊರಗೆ ಕಳಿಸುತ್ತಾರೆ.

ಬಯಲಿನ ಆಟಕ್ಕೆ ಟಿಕೆಟ್ಟಿಲ್ಲ. ಒಂದು ಕಂಬಳಿ, ಕಿವಿಗೊಂದು ಟಾವೆಲ್ಲು, ಕಿಸೆಯಲ್ಲಿ ಸ್ವಲ್ಪ ಚಿಲ್ಲರೆ ಇದ್ದರೆ ಸಾಕು. ಚಿಲ್ಲರೆ ಮಿರ್ಚಿ-ಭಜಿಗೆ ಮಾತ್ರವಲ್ಲ, ಮೇಳದವರಿಗೆ ಆಯಾರ ಮಾಡುವುದಕ್ಕೂ ಬೇಕಾಗುತ್ತದೆ.

ಈಗಿನ ಕಷ್ಟ ಇಷ್ಟೇ: ಮೇಳಗಳಿಗೆ ಕರೆ ಕಡಿಮೆಯಾಗಿದೆ. ಜಾತ್ರೆಯ ದುಡ್ಡೆಲ್ಲ ಡಿಜೆಗೆ, ಆರ್ಕೆಸ್ಟ್ರಾಕ್ಕೆ ಹೋಗುತ್ತದೆ. ಹುಡುಗರು ಕುಣಿಯಲಿ, ಬೇಡವೆನ್ನುವುದಿಲ್ಲ. ಜಾತ್ರೆ ಒಂದೇ ರಾತ್ರಿಯದಲ್ಲವಲ್ಲ. ನಿಮ್ಮೂರ ಜಾತ್ರಾ ಕಮಿಟಿಯವರು ಈ ಸಲ ಪಟ್ಟಿ ಎತ್ತಲು ಮನೆಗೆ ಬಂದಾಗ ಪಟ್ಟಿಯ ದುಡ್ಡು ಕೈಯಲ್ಲಿ ಹಿಡಿದುಕೊಂಡೇ ಕೇಳಿರಿ, ‘ಪಾರಿಜಾತದ ಮೇಳಕ್ಕ ವೀಳ್ಯಾ ಕೊಟ್ಟೀರೇನು?’ ಕೊಟ್ಟಿಲ್ಲ ಎಂದರೆ, ಕೊಟ್ಟು ಬಂದ ಮೇಲೆ ದುಡ್ಡು ಒಯ್ಯಿರಿ ಎಂದು ಹೇಳಿ ಕಳಿಸಿರಿ.